ಅರ್ತ್ ಕೊಟ್ಟರೆ ಆರ್‌ಸಿಸಿಬಿ ಟ್ರಿಪ್, ತೆಗೆದರೆ ಪ್ಯಾನಲ್ ಬಾಗಿಲಲ್ಲಿ ಶಾಕ್: 5 ಎಚ್‌ಪಿ ವಿಎಫ್‌ಡಿ

ಗಾಣದಮನೆ:
ಎಲ್ಲರಿಗೂ ನಮಸ್ಕಾರ. ಚಳ್ಳಕೆರೆಯಲ್ಲಿ ನಮ್ಮದೊಂದು ಸಣ್ಣ ಶೇಂಗಾ ಎಣ್ಣೆ ಮಿಲ್ಲು. ಎಕ್ಸ್‌ಪೆಲ್ಲರ್‌ಗೆ ಬೀಜ ತಳ್ಳುವ ಸ್ಕ್ರೂ ಫೀಡರ್ ಮೋಟರ್‌ಗೆ ಈಚೆಗೆ ವಿಎಫ್‌ಡಿ (ಮೋಟರ್ ವೇಗ ಬದಲಿಸುವ ಡ್ರೈವ್) ಹಾಕಿಸಿದೆವು. ಮೋಟರ್ 5 ಎಚ್‌ಪಿ, ತ್ರೀ ಫೇಸ್. ಅದೇ ಪ್ಯಾನಲ್‌ನಲ್ಲಿ ಸಣ್ಣ ಪಿಎಲ್‌ಸಿ (ಮಿಷನ್ ನಡೆಸುವ ಪುಟ್ಟ ಕಂಪ್ಯೂಟರ್), 24 ವೋಲ್ಟ್ ಪವರ್ ಸಪ್ಲೈ, ಒಂದು ಅನಲಾಗ್ ಕಾರ್ಡ್ ಇವೆ. ಬೀಜ ಬಿಸಿ ಮಾಡುವ ಕೆಟಲ್‌ನಲ್ಲಿರುವ ಪಿಟಿ100 ಟೆಂಪರೇಚರ್ ಸೆನ್ಸರ್, ಟ್ರಾನ್ಸ್‌ಮಿಟರ್ ಮೂಲಕ 4-20 ಮಿಲಿಆಂಪ್ ಸಿಗ್ನಲ್ ಆಗಿ ಆ ಕಾರ್ಡ್‌ಗೆ ಬರುತ್ತದೆ.

ತೊಂದರೆ ಏನಂದರೆ, ಡ್ರೈವ್ ಆನ್ ಮಾಡಿದ ಕೂಡಲೇ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಲೀಕ್ ಆದರೆ ಲೈನ್ ಕಡಿಯುವ ಸ್ವಿಚ್) ಟ್ರಿಪ್ ಆಗುತ್ತಿತ್ತು. ನಮ್ಮ ಎಲೆಕ್ಟ್ರಿಷಿಯನ್ ಪ್ಯಾನಲ್‌ಗೆ ಬರುವ ಅರ್ತ್ ವೈರ್ ಬಿಚ್ಚಿಟ್ಟರು. ಟ್ರಿಪ್ ನಿಂತಿತು. ಆದರೆ ಈಗ ಮೋಟರ್ ಓಡುವಾಗ ಟೆಂಪರೇಚರ್ 85 ಇದ್ದದ್ದು 130ಕ್ಕೆ ಹಾರುತ್ತದೆ, ನಿಲ್ಲಿಸಿದರೆ ತಾನೇ ಸರಿಯಾಗುತ್ತದೆ. ಆಗಾಗ ಪಿಎಲ್‌ಸಿ ರೀಸೆಟ್ ಆಗುತ್ತದೆ. ಬಾಗಿಲು ಮುಟ್ಟಿದರೆ ಕೈ ಜುಂ ಅನ್ನುತ್ತದೆ. ಡ್ರೈವ್‌ನಲ್ಲಿ ಯಾವುದೋ ಪ್ಯಾರಾಮೀಟರ್ ಬದಲಿಸಿದರೆ ಸರಿಹೋಗುತ್ತದೆ ಅಂತಾರೆ. ಯಾವುದು ಅಂತ ಗೊತ್ತಿದ್ದವರು ಹೇಳಿ.

ಪೀಣ್ಯಪ್ಯಾನಲ್:
ಪ್ಯಾರಾಮೀಟರ್ ಮಾತು ಆಮೇಲೆ. ಮೊದಲು ಆ ಡ್ರೈವ್ ಬಂದ್ ಮಾಡಿ ಸರ್. ಈಗ ಬರೀ ಜುಂ ಅನ್ನುತ್ತಿದೆ. ನಾಳೆ ಒಳಗೆ ಒಂದು ಫೇಸ್ ವೈರ್ ಬಾಡಿಗೆ ತಗುಲಿದರೆ ಇಡೀ ಪ್ಯಾನಲ್ 240 ವೋಲ್ಟ್‌ನಲ್ಲಿ ನಿಲ್ಲುತ್ತದೆ. ಎಂಸಿಸಿಬಿ (ದೊಡ್ಡ ಬ್ರೇಕರ್) ಅಲುಗಾಡುವುದೂ ಇಲ್ಲ, ಯಾಕೆಂದರೆ ಫಾಲ್ಟ್ ಕರೆಂಟ್ ವಾಪಸ್ ಹೋಗಲು ದಾರಿಯೇ ಇಲ್ಲ. ಆರ್‌ಸಿಸಿಬಿ ಇದೆಯಲ್ಲ ಅನ್ನಬೇಡಿ, ಅದರ ಕಥೆ ಬೇರೆಯೇ ಇದೆ.

ಇಷ್ಟು ತಿಳಿಸಿ: ಮೋಟರ್ ಕೇಬಲ್‌ನಲ್ಲಿ ಎಷ್ಟು ಕೋರ್ (ಒಳಗಿನ ವೈರ್) ಇದೆ? ಮೋಟರ್ ಬಾಡಿಯ ಅರ್ತ್ ಎಲ್ಲಿಗೆ ಹೋಗಿದೆ? ಸೆನ್ಸರ್ ಕೇಬಲ್‌ನ ಶೀಲ್ಡ್ (ವೈರ್ ಸುತ್ತಲಿನ ಲೋಹದ ಹೊದಿಕೆ) ಎಲ್ಲೆಲ್ಲಿ ಕಟ್ಟಿದ್ದೀರಿ? ಆರ್‌ಸಿಸಿಬಿ ಮುಖದ ಮೇಲೆ ಅಲೆ ಥರದ ಗುರುತು ಇರುತ್ತದೆ, ಅದರ ಫೋಟೋ ಹಾಕಿ.

ಗಾಣದಮನೆ:
ಬಂದ್ ಮಾಡಿದೆ. ಸದ್ಯ ಹಳೇ ಸ್ಟಾರ್ಟರ್‌ನಲ್ಲೇ ಮೋಟರ್ ಓಡಿಸುತ್ತೇವೆ, ಅದರ ಅರ್ತಿಂಗ್ ಬೇರೆ ಇದೆ, ಸರಿ ಇದೆ.

ಮೋಟರ್ ಕೇಬಲ್ ನಾಲ್ಕು ಕೋರ್ ಆರ್ಮರ್ಡ್. ನಾಲ್ಕನೇ ಕೋರ್ ಎರಡೂ ಕಡೆ ಸುಮ್ನೆ ಮಡಚಿ ಟೇಪ್ ಸುತ್ತಿದೆ. ಮೋಟರ್ ಬಾಡಿಯಿಂದ ಜಿಐ ಪಟ್ಟಿ ಮಿಲ್ಲಿನ ಹಿಂದಿನ ಅರ್ತ್ ಪಿಟ್‌ಗೆ ಹೋಗಿದೆ. ಸೆನ್ಸರ್ ಶೀಲ್ಡ್ ಕೆಟಲ್ ಹತ್ತಿರ ಟ್ರಾನ್ಸ್‌ಮಿಟರ್ ಬಾಡಿಗೂ ಇದೆ, ಪ್ಯಾನಲ್‌ನಲ್ಲೂ ಕಟ್ಟಿದ್ದಾರೆ. ಎರಡೂ ಕಡೆ ಕಟ್ಟಿದರೆ ಗಟ್ಟಿ ಅಂತ ಹಾಗೆ ಮಾಡಿದ್ದಂತೆ. ಆರ್‌ಸಿಸಿಬಿ ಗುರುತಿನಲ್ಲಿ ಒಂದೇ ಒಂದು ಅಲೆ ಇದೆ. ಅದೇ ಆರ್‌ಸಿಸಿಬಿಯಿಂದ ಆಫೀಸಿನ ಲೈಟು, ಎರಡು ಸಾಕೆಟ್ಟಿಗೂ ಲೈನ್ ಹೋಗಿದೆ.

ಸ್ಪೀಡ್‌ಕಂಟ್ರೋಲ್:
ಡ್ರೈವ್ ಕೆಳಗಡೆ ಇಎಂಸಿ ಅಂತ ಬರೆದ ಒಂದು ಸ್ಕ್ರೂ ಇರುತ್ತದೆ ನೋಡಿ ಅಣ್ಣ. ಅದನ್ನು ತೆಗೆದರೆ ಲೀಕೇಜ್ ಕಡಿಮೆಯಾಗುತ್ತದೆ, ಅರ್ತ್ ಕೊಟ್ಟರೂ ಟ್ರಿಪ್ ಆಗಲ್ಲ. ನಾವು ಎಷ್ಟೋ ಕಡೆ ಹೀಗೆ ಮಾಡಿದ್ದೇವೆ.

ಪೀಣ್ಯಪ್ಯಾನಲ್:
ಆ ಸ್ಕ್ರೂ ಡ್ರೈವ್ ಒಳಗಿನ ನಾಯ್ಸ್ (ಬೇಡದ ವಿದ್ಯುತ್ ಗದ್ದಲ) ಫಿಲ್ಟರನ್ನು ಅರ್ತ್‌ಗೆ ಜೋಡಿಸುತ್ತದೆ, ತೆಗೆಯಲು ಬರುವಂತೆ ಇಟ್ಟಿರುವುದು ಬೇರೆ ಕಾರಣಕ್ಕೆ. ನ್ಯೂಟ್ರಲ್‌ಗೆ ಅರ್ತ್ ಕೊಡದ ಸಪ್ಲೈ ಇದ್ದಾಗ ಆ ಫಿಲ್ಟರ್ ಹಾಳಾಗಬಾರದು ಅಂತ ತೆಗೆಯುವುದು. ನಮ್ಮ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ನ್ಯೂಟ್ರಲ್‌ಗೆ ಅರ್ತ್ ಇರುತ್ತದೆ. ಇಲ್ಲಿ ಸ್ಕ್ರೂ ತೆಗೆದರೆ ಲೀಕೇಜ್ ತಗ್ಗುತ್ತದೆ ನಿಜ, ಆದರೆ ಪಕ್ಕದ ಪಿಎಲ್‌ಸಿಗೆ ನಾಯ್ಸ್ ಇನ್ನೂ ಜಾಸ್ತಿ. ಅವರ ಟೆಂಪರೇಚರ್ ಆಗಲೇ ಹಾರಾಡುತ್ತಿದೆ. ಅದರ ಮೇಲೆ ಕೆಲವರು ಲೈನ್ ಆನ್ ಇದ್ದಾಗಲೇ ಆ ಸ್ಕ್ರೂಗೆ ಕೈ ಹಾಕುತ್ತಾರೆ, ಅದು ಬೇಡವೇ ಬೇಡ.

ಗಾಣದಮನೆ ಅವರೇ, ನೀವು ಹೇಳಿದ್ದರಲ್ಲೇ ಉತ್ತರ ಇದೆ. ಡ್ರೈವ್ ಮೋಟರ್‌ಗೆ ಶುದ್ಧ ಎಸಿ ಕೊಡುವುದಿಲ್ಲ. ಸುಮಾರು 560 ವೋಲ್ಟ್ ಡಿಸಿಯನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಕೊಡುತ್ತದೆ. ಹಾಗೆ ಕತ್ತರಿಸುವಾಗೆಲ್ಲ ಮೋಟರ್ ವೈಂಡಿಂಗಿನಿಂದ ಬಾಡಿಗೆ ಒಂದಿಷ್ಟು ಕರೆಂಟ್ ಹಾರುತ್ತದೆ. ಆ ಕರೆಂಟ್ ತಾನು ಹೊರಟ ಡ್ರೈವ್‌ಗೇ ವಾಪಸ್ ಬರಬೇಕು. ಹತ್ತಿರದ ದಾರಿ ಅಂದರೆ ಕೇಬಲ್‌ನ ನಾಲ್ಕನೇ ಕೋರ್. ಅದಕ್ಕೆ ನೀವು ಟೇಪ್ ಸುತ್ತಿದ್ದೀರಿ. ಕಾಲುವೆಗೆ ಕಟ್ಟೆ ಹಾಕಿದರೆ ನೀರು ಪಕ್ಕದ ಹೊಲಕ್ಕೆ ನುಗ್ಗುತ್ತದಲ್ಲ, ಹಾಗೆ ಅದು ಮಿಲ್ಲಿನ ಕಬ್ಬಿಣದ ಮೂಲಕ ಕೆಟಲ್‌ಗೆ ಹೋಗಿ, ಸೆನ್ಸರ್ ಶೀಲ್ಡ್ ಹಿಡಿದು ಪ್ಯಾನಲ್ಲಿಗೆ ಬಂದು, ಫಿಲ್ಟರ್ ಮೂಲಕ ಡ್ರೈವ್ ಸೇರುತ್ತಿದೆ. ನಿಮ್ಮ ಅನಲಾಗ್ ಕಾರ್ಡ್ ಆ ದಾರಿಯಲ್ಲೇ ಕೂತಿದೆ. ಬಾಗಿಲಿನ ಶಾಕ್, ಹಾರುವ ಟೆಂಪರೇಚರ್ ಎರಡೂ ಒಂದೇ ರೋಗ.

ಇನ್ನು ಆರ್‌ಸಿಸಿಬಿ. ಒಂದೇ ಅಲೆ ಅಂದರೆ ಟೈಪ್ ಎಸಿ. ತ್ರೀ ಫೇಸ್ ಡ್ರೈವ್‌ನ ಡಿಸಿ ಭಾಗದಲ್ಲಿ ಫಾಲ್ಟ್ ಆದರೆ ಹರಿಯುವುದು ನೇರ ಡಿಸಿ. ಟೈಪ್ ಎಸಿಗೆ ಅದು ಕಾಣುವುದೇ ಇಲ್ಲ. ಅಷ್ಟೇ ಅಲ್ಲ, ಆ ಡಿಸಿ ಆರ್‌ಸಿಸಿಬಿ ಒಳಗಿನ ಕಾಂತೀಯ ಕೋರನ್ನು ಮಂಕಾಗಿಸಿ, ನಿಜವಾದ ಎಸಿ ಲೀಕೇಜ್ ಬಂದಾಗಲೂ ಟ್ರಿಪ್ ಆಗದಂತೆ ಮಾಡಬಹುದು. ಅಂದರೆ ಆಫೀಸಿನ ಸಾಕೆಟ್‌ನಲ್ಲಿ ಯಾರಿಗಾದರೂ ಶಾಕ್ ಹೊಡೆದರೆ ಅದು ಕೈಕೊಡುವ ಸಾಧ್ಯತೆ ಇದೆ. ಡ್ರೈವನ್ನು ಆ ಲೈನಿನಿಂದ ಬೇರೆ ಮಾಡಿ. ಡ್ರೈವ್ ಫೀಡರ್‌ಗೆ ನೇರ ಡಿಸಿಯನ್ನೂ ಗುರುತಿಸುವ ಟೈಪ್ ಬಿ ಬೇಕು. ಎಷ್ಟು ಮಿಲಿಆಂಪ್ ಅನ್ನುವುದು ಡ್ರೈವ್ ಮ್ಯಾನುಯಲ್ ನೋಡಿ ತೀರ್ಮಾನಿಸಿ, ಸಾಮಾನ್ಯವಾಗಿ 300 ಹಾಕುತ್ತಾರೆ. ಸಾಕೆಟ್, ಲೈಟಿಗೆ 30 ಹಾಗೇ ಇರಲಿ.

ಮೆಗ್ಗರ್:
ಮೇಲಿನದಕ್ಕೆ ಒಂದು ಮಾತು ಸೇರಿಸುತ್ತೇನೆ. ಡ್ರೈವ್‌ಗಳ ಲೀಕೇಜ್ ಸಾಮಾನ್ಯವಾಗಿ 3.5 ಮಿಲಿಆಂಪ್ ದಾಟುತ್ತದೆ. ಹಾಗಿದ್ದಾಗ ಡ್ರೈವ್‌ನ ಅರ್ತ್ ವೈರ್ ತಾಮ್ರದಲ್ಲಿ ಕನಿಷ್ಠ 10 ಚದರ ಮಿಲಿಮೀಟರ್ ಇರಬೇಕು, ಇಲ್ಲವೇ ಎರಡನೇ ಅರ್ತ್ ವೈರ್ ಬೇರೆ ಟರ್ಮಿನಲ್‌ಗೆ ಕೊಡಬೇಕು. ಒಂದು ಸಡಿಲವಾದರೂ ಇನ್ನೊಂದು ಇರಲಿ ಅಂತ. ಮೋಟರ್ ಬಾಡಿಯ ಜಿಐ ಪಟ್ಟಿ ತೆಗೆಯಬೇಡಿ. ನಮ್ಮ ನಿಯಮದಂತೆ ಮೋಟರ್ ಬಾಡಿಗೆ ಎರಡು ಪ್ರತ್ಯೇಕ ಅರ್ತ್ ಇರಲೇಬೇಕು. ನಾಲ್ಕನೇ ಕೋರ್ ಅದರ ಜೊತೆಗೆ, ಅದರ ಬದಲಿಗಲ್ಲ. ಹಿಂದಿನ ಪಿಟ್, ಪ್ಯಾನಲ್‌ನ ಪಿಟ್ ಎರಡನ್ನೂ ಪಟ್ಟಿಯಿಂದ ಜೋಡಿಸಿ.

ಮತ್ತೆ, ಯಾರೇ ಕೈ ಹಾಕಲಿ, ಮೇನ್ ಆಫ್ ಮಾಡಿ ಬೀಗ ಹಾಕಿ. ಬೀಗದ ಕೀ ಒಳಗೆ ಕೆಲಸ ಮಾಡುವವರ ಜೇಬಿನಲ್ಲೇ ಇರಬೇಕು, ಆಫೀಸಿನ ಮೊಳೆಯ ಮೇಲಲ್ಲ. ಆಫ್ ಮಾಡಿದ ತಕ್ಷಣ ಕವರ್ ಬಿಚ್ಚಬೇಡಿ. ಕೆಪಾಸಿಟರ್‌ನಲ್ಲಿ ಚಾರ್ಜ್ ನಿಂತಿರುತ್ತದೆ. ಎಷ್ಟು ನಿಮಿಷ ಕಾಯಬೇಕು ಅಂತ ಡ್ರೈವ್ ಮುಖದ ಮೇಲೇ ಬರೆದಿರುತ್ತದೆ. ಕಾದ ಮೇಲೂ ದೀಪ ಆರಿದ್ದನ್ನೇ ನಂಬಬೇಡಿ. ಡಿಸಿ ಪ್ಲಸ್, ಮೈನಸ್ ಟರ್ಮಿನಲ್ ಮಧ್ಯೆ 1000 ವೋಲ್ಟ್, ಕ್ಯಾಟ್ 3 (ಸುರಕ್ಷತೆಯ ದರ್ಜೆ) ಮೀಟರ್ ಹಿಡಿದು ನೋಡಿ. ಅದಕ್ಕೂ ಮೊದಲು ಮೀಟರನ್ನು ಲೈನ್ ಇರುವ ಕಡೆ ಒಮ್ಮೆ ಹಿಡಿಯಿರಿ, ಕೊನೆಗೂ ಒಮ್ಮೆ ಹಿಡಿಯಿರಿ. ಸತ್ತ ಮೀಟರ್ ಎಲ್ಲ ಕಡೆ ಸೊನ್ನೆಯೇ ತೋರಿಸುತ್ತದೆ.

ಮೋಟರ್ ಮೆಗ್ಗರ್ (ಇನ್ಸುಲೇಷನ್ ಪರೀಕ್ಷೆ) ಮಾಡುವುದಾದರೆ ಮೋಟರ್‌ಗೆ ಹೋಗುವ ಯು, ವಿ, ಡಬ್ಲ್ಯು ಮೂರೂ ವೈರ್ ಡ್ರೈವ್‌ನಿಂದ ಬಿಚ್ಚಿಯೇ ಮಾಡಿ. 500 ವೋಲ್ಟ್ ಮೆಗ್ಗರನ್ನು ಡ್ರೈವ್ ಸಮೇತ ತಿರುಗಿಸಿದರೆ ಡಿಸಿಯನ್ನು ಕತ್ತರಿಸುವ ಒಳಗಿನ ಐಜಿಬಿಟಿ ಹೋಗುತ್ತದೆ.

ಗಾಣದಮನೆ:
ಎಲ್ಲರಿಗೂ ಥ್ಯಾಂಕ್ಸ್. ಪರವಾನಗಿ ಇರುವ ಕಾಂಟ್ರ್ಯಾಕ್ಟರ್ ಒಬ್ಬರನ್ನು ಚಿತ್ರದುರ್ಗದಿಂದ ಕರೆಸಿದೆ. ಅವರು ಬೀಗ ಹಾಕಿ, ಕಾದು, ಅಳೆದ ಮೇಲೇ ಕೈ ಹಾಕಿದರು.

ಒಂದು ವಿಚಿತ್ರ ಸಿಕ್ಕಿತು. ಬಿಚ್ಚಿಟ್ಟಿದ್ದ ಅರ್ತ್ ವೈರನ್ನು ಮತ್ತೆ ಕಟ್ಟಿ, ಬೋಲ್ಟ್‌ನಿಂದ ಪ್ಯಾನಲ್ ಒಳಗಿನ ಪ್ಲೇಟಿಗೆ ಮೀಟರ್ ಹಿಡಿದರೆ ಬೀಪ್ ಇಲ್ಲ, ಅಂದರೆ ಸಂಪರ್ಕವೇ ಇಲ್ಲ. ಬೋಲ್ಟ್ ಗಟ್ಟಿಯಾಗೇ ಇದೆ. ಬಿಚ್ಚಿ ನೋಡಿದರೆ ವಾಷರ್ ಕೆಳಗೆ ಪೌಡರ್ ಕೋಟಿಂಗ್ ಹಾಗೇ ಇದೆ, ಒಂದು ಗೀರೂ ಇಲ್ಲ. ಪ್ಯಾನಲ್ ಬಂದಾಗಿನಿಂದ ಆ ಬೋಲ್ಟ್ ಬರೀ ಬಣ್ಣದ ಮೇಲೆ ಕೂತಿತ್ತು. ಮೊದಲು ಟ್ರಿಪ್ ಆಗುತ್ತಿದ್ದದ್ದು ಡ್ರೈವ್ ಟರ್ಮಿನಲ್‌ಗೆ ನೇರ ಹೋಗಿದ್ದ ಇನ್ನೊಂದು ಸಣ್ಣ ವೈರ್‌ನಿಂದ. ಬಾಗಿಲಿಗಂತೂ ಅರ್ತ್ ಜೋಡಣೆಯೇ ಇರಲಿಲ್ಲ, ಕೀಲಿನ ಮೇಲೆ ನಿಂತಿತ್ತು.

ಈಗ ಬಣ್ಣ ಕೆರೆದು, ಹಲ್ಲಿರುವ ಸ್ಟಾರ್ ವಾಷರ್ ಹಾಕಿದ್ದಾರೆ. ಬಾಗಿಲಿಗೆ ಹೆಣೆದ ತಾಮ್ರದ ಪಟ್ಟಿ ಕೊಟ್ಟಿದ್ದಾರೆ. ನಾಲ್ಕನೇ ಕೋರ್ ಒಂದು ತುದಿ ಮೋಟರ್ ಟರ್ಮಿನಲ್ ಬಾಕ್ಸಿನಲ್ಲಿ, ಇನ್ನೊಂದು ತುದಿ ನೇರ ಡ್ರೈವ್‌ನ ಅರ್ತ್ ಸ್ಕ್ರೂಗೆ. ಸೆನ್ಸರ್ ಶೀಲ್ಡ್ ಪ್ಯಾನಲ್ ಕಡೆ ಮಾತ್ರ ಉಳಿಸಿ ಕೆಟಲ್ ಕಡೆ ಬಿಚ್ಚಿ ಟೇಪ್ ಹಾಕಿದರು. ಟೈಪ್ ಬಿ 300 ಮಿಲಿಆಂಪ್ ಬೇರೆ ಫೀಡರ್‌ನಲ್ಲಿ ಕೂತಿದೆ. ಬೆಲೆ ಕೇಳಿ ಎದೆ ಧಸಕ್ ಅಂದಿತು, ಅದು ಬೇರೆ ವಿಷಯ.

ಡ್ರೈವ್ ಆನ್ ಮಾಡಿದೆವು. ಟ್ರಿಪ್ ಇಲ್ಲ, ಬಾಗಿಲು ತಣ್ಣಗಿದೆ. ಟೆಂಪರೇಚರ್ ಒಂದೆರಡು ಡಿಗ್ರಿ ಮಾತ್ರ ಆಡುತ್ತದೆ. ಆದರೆ ಸ್ಟೀಮ್ ವಾಲ್ವ್‌ನ ಕಾಂಟ್ಯಾಕ್ಟರ್ (ಕಾಯಿಲ್‌ನಿಂದ ಎಳೆಯುವ ಸ್ವಿಚ್) ಬೀಳುವಾಗ ಪಿಎಲ್‌ಸಿ ಒಮ್ಮೊಮ್ಮೆ ಈಗಲೂ ರೀಸೆಟ್ ಆಗುತ್ತದೆ.

ಪೀಣ್ಯಪ್ಯಾನಲ್:
ಪ್ಯಾನಲ್ ತಯಾರಾಗಿ ಬಂದಾಗ ಈ ಬಣ್ಣದ ಬೋಲ್ಟ್ ತುಂಬಾ ಕಡೆ ಸಿಗುತ್ತದೆ. ಕಣ್ಣಿಗೆ ಎಲ್ಲ ಸರಿ ಕಾಣುತ್ತದೆ, ಹಸಿರು ವೈರ್ ಇದೆ, ಲಗ್ ಇದೆ. ಮೀಟರ್ ಹಿಡಿಯದೆ ಗೊತ್ತಾಗುವುದಿಲ್ಲ.

ರೀಸೆಟ್‌ಗೆ ಕಾರಣ ಬೇರೆ. ಕಾಂಟ್ಯಾಕ್ಟರ್ ಕಾಯಿಲ್ ಬಿಡುವಾಗ ಸಾವಿರ ವೋಲ್ಟ್ ದಾಟುವ ಸ್ಪೈಕ್ ಕೊಡಬಹುದು. 230 ವೋಲ್ಟ್ ಕಾಯಿಲ್ ಆದರೆ ಅದರ ಎರಡೂ ತುದಿಗೆ ಆ ಸ್ಪೈಕ್ ಹೀರುವ ಆರ್‌ಸಿ ಸ್ನಬ್ಬರ್ ಹಾಕಿ: 100 ಓಮ್, 0.1 ಮೈಕ್ರೋಫ್ಯಾರಡ್, ಕೆಪಾಸಿಟರ್ ಎಕ್ಸ್2 ರೇಟಿಂಗಿನದೇ ಇರಲಿ. ಕಾಂಟ್ಯಾಕ್ಟರ್ ಮೇಲೇ ಸಿಕ್ಕಿಸುವ ರೆಡಿಮೇಡ್ ಸ್ನಬ್ಬರ್ ಸಿಗುತ್ತದೆ, ಅದೇ ವಾಸಿ. 24 ವೋಲ್ಟ್ ಡಿಸಿ ರಿಲೇಗಳಿಗೆ 1ಎನ್4007 ಡಯೋಡ್ ಉಲ್ಟಾ ಹಾಕಿದರೆ ಸಾಕು, ಗೆರೆ ಇರುವ ತುದಿ ಪ್ಲಸ್ ಕಡೆಗೆ.

ನೀವು ಹಾಕಿದ ಪ್ಯಾನಲ್ ಫೋಟೋದಲ್ಲಿ ಇನ್ನೆರಡು ಕಂಡವು. ಸೆನ್ಸರ್ ಕೇಬಲ್ಲು, ಮೋಟರ್ ಕೇಬಲ್ಲು ಒಂದೇ ಟ್ರೇಯಲ್ಲಿ ಟೈ ಹಾಕಿ ತಬ್ಬಿಕೊಂಡಿವೆ. ಕನಿಷ್ಠ 20-30 ಸೆಂಟಿಮೀಟರ್ ದೂರ ಮಾಡಿ, ದಾಟಲೇಬೇಕಾದ ಕಡೆ ಅಡ್ಡಲಾಗಿ ದಾಟಿಸಿ. ನಿಮ್ಮ ಒಂದೆರಡು ಡಿಗ್ರಿ ಆಟ ಅಲ್ಲೇ ನಿಲ್ಲಬಹುದು. ಇನ್ನೊಂದು, ಡ್ರೈವ್ ತಲೆಗೆ ವೈರ್ ಡಕ್ಟ್ ತಾಗಿಕೊಂಡಿದೆ. ಬಿಸಿಗಾಳಿ ಎಲ್ಲಿ ಹೋಗಬೇಕು? ಮೇಲೆ ಕೆಳಗೆ 10 ಸೆಂಟಿಮೀಟರ್ ಖಾಲಿ ಬೇಕು. ಡಕ್ಟ್ ಸರಿಸಲು ಡ್ರಿಲ್ ಮಾಡುವಾಗ ಡ್ರೈವನ್ನು, ಪಿಎಲ್‌ಸಿಯನ್ನು ಹೊರಗೆ ತೆಗೆದಿಡಿ. ಒಂದು ಕಬ್ಬಿಣದ ಚೂರು ಒಳಗೆ ಬಿದ್ದರೆ ಸಾಕು.

ಮೆಗ್ಗರ್:
ಅದೇ ಫೋಟೋದಲ್ಲಿ ಕಂಟ್ರೋಲ್ ವೈರಿನ ತುದಿಗಳು ಹೊಳೆಯುತ್ತಿವೆ. ಸೋಲ್ಡರ್ ಹಾಕಿದ್ದೀರಾ? ಸ್ಕ್ರೂ ಟರ್ಮಿನಲ್‌ಗೆ ಸೋಲ್ಡರ್ ಬೇಡ. ಒತ್ತಡಕ್ಕೆ ಸೋಲ್ಡರ್ ನಿಧಾನ ಚಪ್ಪಟೆಯಾಗಿ ಜೋಡಣೆ ಸಡಿಲವಾಗುತ್ತದೆ. ತುದಿ ಕತ್ತರಿಸಿ ಫೆರೂಲ್ (ವೈರ್ ತುದಿಯ ಲೋಹದ ಕೊಳವೆ) ಹಾಕಿ ಒತ್ತಿಸಿ. ಶೇಂಗಾ ಸಿಪ್ಪೆಯ ಧೂಳು ಇರುವ ಜಾಗ, ಫ್ಯಾನಿನ ಜಾಲರಿಯನ್ನು ಬ್ರಷ್ಷಿನಿಂದ ಆಗಾಗ ಸ್ವಚ್ಛ ಮಾಡಿ. ಕಂಪ್ರೆಸರ್ ಗಾಳಿ ಹೊಡೆಯಬೇಡಿ, ಅದರಲ್ಲಿ ನೀರು, ಎಣ್ಣೆ ಬರುತ್ತದೆ.

ಗಾಣದಮನೆ:
ಹೌದು, ಸೋಲ್ಡರ್ ಹಾಕಿದ್ದೇ. ಎರಡು ವೈರ್ ಕೈಯಲ್ಲಿ ಎಳೆದರೆ ಅಲುಗಿದವು. ಎಲ್ಲಕ್ಕೂ ಫೆರೂಲ್ ಹಾಕಿಸಿದೆ. ಸ್ನಬ್ಬರ್ ಹಾಕಿದ ಮೇಲೆ ರೀಸೆಟ್ ಒಮ್ಮೆಯೂ ಆಗಿಲ್ಲ. ಟ್ರೇ ಬೇರೆ ಮಾಡಿದ ಮೇಲೆ ಟೆಂಪರೇಚರ್ ಗೆರೆ ನೆಟ್ಟಗಿದೆ. ಪ್ಯಾರಾಮೀಟರ್ ಒಂದನ್ನೂ ಮುಟ್ಟಲಿಲ್ಲ.

ಕೊನೆಯ ಪ್ರಶ್ನೆ. ಇದೇ ಥರದ ಒಂದು ಡ್ರೈವ್ ಸ್ಪೇರ್ ಅಂತ ತಂದು ಗೋಡೌನಿನಲ್ಲಿ ಕೆಲವು ವರ್ಷದಿಂದ ಇಟ್ಟಿದ್ದೇವೆ. ಬಾಕ್ಸ್ ಬಿಚ್ಚಿಲ್ಲ. ತುರ್ತು ಬಂದರೆ ನೇರ ಹಾಕಬಹುದಾ?

ಮೆಗ್ಗರ್:
ನೇರ 415 ವೋಲ್ಟ್ ಕೊಡಬೇಡಿ. ಕರೆಂಟ್ ಇಲ್ಲದೆ ಒಂದೆರಡು ವರ್ಷ ಕೂತರೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಳಗಿನ ಆಕ್ಸೈಡ್ ಪದರ ಸವೆಯುತ್ತದೆ. ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಟ್ಟರೆ ಸಿಡಿಯಲೂಬಹುದು. ವೇರಿಯಾಕ್‌ನಿಂದ (ವೋಲ್ಟೇಜ್ ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರ್) ಕಡಿಮೆಯಲ್ಲಿ ಶುರು ಮಾಡಿ ಹಂತ ಹಂತವಾಗಿ ಏರಿಸಬೇಕು, ಮೋಟರ್ ಜೋಡಿಸದೆ. ಯಾವ ಹಂತದಲ್ಲಿ ಎಷ್ಟು ಹೊತ್ತು ಅನ್ನುವುದು ಆ ಡ್ರೈವ್‌ನ ಮ್ಯಾನುಯಲ್‌ನಲ್ಲಿ ಕೆಪಾಸಿಟರ್ ರಿಫಾರ್ಮಿಂಗ್ ಅನ್ನುವ ಭಾಗದಲ್ಲಿರುತ್ತದೆ. ಬಾಕ್ಸ್ ಮೇಲಿನ ತಯಾರಿಕೆ ತಿಂಗಳು, ವರ್ಷ ನೋಡಿ ಇಲ್ಲಿ ಹಾಕಿ. ತುರ್ತು ಬರುವ ಮೊದಲೇ, ಮಿಲ್ಲು ಬಿಡುವಾಗಿರುವ ದಿನ ಕಾಂಟ್ರ್ಯಾಕ್ಟರ್ ಕೈಲಿ ಮಾಡಿಸಿಬಿಡಿ.