ಬಿರುಗಾಳಿಗೆ ಶೀಟು ಹಾರಿದೆ, ನಾಯಿ ಕುಂಟುತ್ತಿದೆ, ಬೆಕ್ಕು ಕಾಣೆ: ಮೊದಲು ಏನು ಮಾಡಲಿ?

ಪ್ರಶ್ನೆ: ಅಂಗಳದ ತುಂಬ ಒಡೆದ ಗಾಜು, ಬೇಲಿ ಮೇಲೆ ಕರೆಂಟಿನ ತಂತಿ. ನಾಯಿಯ ಮುಂಗಾಲಲ್ಲಿ ರಕ್ತ, ಮೈ ನಡುಕ. ಬೆಕ್ಕು ರಾತ್ರಿಯಿಂದ ಪತ್ತೆಯಿಲ್ಲ.

ಉತ್ತರ 1: ಮೊದಲು ತಂತಿ. ಬೇಲಿ ಕಬ್ಬಿಣದ್ದಾದರೆ ಅದರ ಉದ್ದಕ್ಕೂ ಕರೆಂಟ್ ಹರಿದಿರಬಹುದು, ನಿಂತ ನೀರಿನಲ್ಲೂ. ಕನಿಷ್ಠ 10 ಮೀಟರ್ ದೂರವಿರಿ, ವಿದ್ಯುತ್ ಕಚೇರಿಗೆ ಫೋನ್ ಮಾಡಿ. ನಾಯಿಯನ್ನು ಒಳಗೆ ಕಟ್ಟಿ. ಶೀಟಿನ ಕೆಲಸ ಕಾಯಲಿ, ಒದ್ದೆ ಚಾವಣಿ ಹತ್ತಬೇಡಿ.

ಉತ್ತರ 2: ನಾಯಿಯ ವಸಡು ಒತ್ತಿ ಬಿಡಿ. ಬಿಳಿಚಿದ ಜಾಗ 2 ಸೆಕೆಂಡಿನೊಳಗೆ ಗುಲಾಬಿಯಾಗಬೇಕು. ತಡವಾದರೆ, ಅಥವಾ ವಸಡೇ ಬಿಳಿಚಿದ್ದರೆ ಒಳಗೆ ರಕ್ತಸ್ರಾವ ಆಗಿರಬಹುದು, ಕೂಡಲೇ ವೈದ್ಯರಲ್ಲಿಗೆ ಒಯ್ಯಿರಿ. ಗಾಯ ತೊಳೆಯಲು ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಸಾಕು. ಮೇಲೆ ಕಾಣುವ ಚೂರನ್ನು ಚಿಮಟದಿಂದ ತೆಗೆಯಿರಿ. ಆಳಕ್ಕೆ ಹೊಕ್ಕಿದ್ದನ್ನು ಎಳೆಯಬೇಡಿ, ರಕ್ತ ಚಿಮ್ಮೀತು. ರಕ್ತ ನಿಲ್ಲದಿದ್ದರೆ ಶುಭ್ರ ಬಟ್ಟೆಯಿಂದ 5 ನಿಮಿಷ ಒತ್ತಿ ಹಿಡಿಯಿರಿ, ನಡುವೆ ಎತ್ತಿ ನೋಡಬೇಡಿ (ಎಲ್ಲರೂ ಮಾಡುವ ತಪ್ಪು ಇದೇ). ನಮ್ಮ ನೋವಿನ ಮಾತ್ರೆ ಕೊಡಲೇಬೇಡಿ. ಪ್ಯಾರಾಸಿಟಮಾಲ್ ಅಂತೂ ಬೆಕ್ಕಿಗೆ ವಿಷ.

ಉತ್ತರ 3: ಹೆದರಿದ ಬೆಕ್ಕು ಸಾಮಾನ್ಯವಾಗಿ ದೂರ ಓಡುವುದಿಲ್ಲ, ಹತ್ತಿರದಲ್ಲೇ ಅಡಗುತ್ತದೆ, ಕರೆದರೂ ಓಗೊಡುವುದಿಲ್ಲ. ಮೆಟ್ಟಿಲ ಕೆಳಗೆ, ಮುರಿದ ಕೊಂಬೆಗಳ ಸಂದಿ, ಕಾರಿನ ಬಾನೆಟ್ಟಿನೊಳಗೆ ನೋಡಿ. ಗಲಾಟೆ ಅಡಗಿದ ಮೇಲೆ ಟಾರ್ಚನ್ನು ಕಣ್ಣಿನ ಮಟ್ಟದಲ್ಲಿ ಹಿಡಿದು ಹುಡುಕಿದರೆ ಅದರ ಕಣ್ಣು ಹೊಳೆಯುತ್ತದೆ. ಶೀಟು, ಮರ ಎಳೆಯುವ ಮೊದಲು ಅಡಿ ನೋಡಿ.