ಪರದೇಶದ ಶಾಲೆ, ಮಕ್ಕಳ ನಮಾಜು: ಅನುಭವ ಇದ್ದವರು ತಿಳಿಸಿ

ಕೇಳಿದವರು: ಮಂಗಳೂರು ಮೂಲದ ತಾಯಿ, ಬರ್ಮಿಂಗ್‌ಹ್ಯಾಮ್

ಅಸ್ಸಲಾಮು ಅಲೈಕುಮ್. ನಾವು ಇಲ್ಲಿಗೆ ಬಂದು ಹೆಚ್ಚು ಕಾಲವಾಗಿಲ್ಲ. ಮಗನಿಗೆ ಹದಿನಾಲ್ಕು, ಮಗಳಿಗೆ ಹನ್ನೆರಡು. ಊರಿನಲ್ಲಿ ಬೆಳಿಗ್ಗೆ ಮದ್ರಸ ಮುಗಿಸಿಕೊಂಡೇ ಶಾಲೆಗೆ ಹೋಗುತ್ತಿದ್ದ ಹುಡುಗ ಈಗ ಶಾಲೆಯಲ್ಲಿ ನಮಾಜು ಮಾಡುವುದಿಲ್ಲ, ಮನೆಗೆ ಬಂದು ತಪ್ಪಿದ್ದನ್ನೆಲ್ಲ ಒಟ್ಟಿಗೆ ತೀರಿಸಿ ಕಝಾ ಮಾಡುತ್ತೇನೆ ಎನ್ನುತ್ತಾನೆ. ಮಗಳು ಸ್ಕಾರ್ಫ್ ಬಿಡುವುದಿಲ್ಲ, ಆದರೆ ಆಟದ ಪಿರಿಯಡ್ ಇರುವ ದಿನ ತಪ್ಪದೆ ಹೊಟ್ಟೆನೋವು. ರಂಜಾನ್ ಬಂದರೆ ಪರೀಕ್ಷೆಯ ಚಿಂತೆ. ಗೆಳೆಯರ ಪಾರ್ಟಿಗಳು ಬೇರೆ ಶುರುವಾಗಿವೆ. ಬೈದರೆ ಮುಚ್ಚಿಡುತ್ತಾರೆ, ಸುಮ್ಮನಿದ್ದರೆ ಕೈ ಮೀರುತ್ತದೆ. ನೀವೆಲ್ಲ ಏನು ಮಾಡಿದಿರಿ?

ಬ್ಯಾರಿ ತಂದೆ, ಬರ್ಮಿಂಗ್‌ಹ್ಯಾಮ್

ವ ಅಲೈಕುಮುಸ್ಸಲಾಂ ತಂಗೀ. ಮೊದಲು ಗಡಿಯಾರ ನೋಡಿ, ಆಮೇಲೆ ಈಮಾನಿನ (ನಂಬಿಕೆಯ) ಬಗ್ಗೆ ಚಿಂತೆ ಮಾಡಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ.

ಬೇಸಿಗೆಯಲ್ಲಿ ಇಲ್ಲಿ ತೊಂದರೆಯೇ ಇಲ್ಲ. ಜೂನ್‌ನಲ್ಲಿ ಲುಹರ್ (ಮಧ್ಯಾಹ್ನದ ನಮಾಜು) ಆರಂಭವಾಗುವುದೇ ಮಧ್ಯಾಹ್ನ ಒಂದರ ನಂತರ, ಅಸರ್ (ಇಳಿಹೊತ್ತಿನ ನಮಾಜು, ಸೂರ್ಯ ಮುಳುಗುವ ಮುಂಚೆ ಮುಗಿಸಬೇಕು) ಐದು ದಾಟಿದ ಮೇಲೆ. ಅಸರ್‌ವರೆಗೂ ಲುಹರ್‌ಗೆ ಸಮಯವಿರುವುದರಿಂದ ಮಗ ಮನೆಗೆ ಬಂದು, ತಿಂಡಿ ತಿಂದು, ನಿಧಾನವಾಗಿ ಲುಹರ್ ಮಾಡಬಹುದು. ಡಿಸೆಂಬರ್‌ನಲ್ಲಿ ಇದೆಲ್ಲ ತಲೆಕೆಳಗು. ಲುಹರ್ ಹನ್ನೆರಡಕ್ಕೆ ಬರುತ್ತದೆ. ನಮ್ಮ ಶಾಫಿ ಪಂಥದ ಲೆಕ್ಕದಲ್ಲಿ ಅಸರ್ ಒಂದೂ ಮುಕ್ಕಾಲರ ಸುಮಾರಿಗೆ. ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗಿರುತ್ತದೆ. ಎಂದರೆ ಲುಹರ್ ಊಟದ ಬಿಡುವಿನಲ್ಲೇ ಆಗಬೇಕು, ಅಸರ್‌ಗೆ ಶಾಲೆ ಬಿಟ್ಟ ಮೇಲೆ ಉಳಿಯುವುದು ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ. ಬಸ್ ತಡವಾದರೆ ಅದೂ ಇಲ್ಲ. ಮಂಗಳೂರಿನಲ್ಲಿ ವರ್ಷವಿಡೀ ಹೆಚ್ಚುಕಡಿಮೆ ಒಂದೇ ವೇಳೆಗೆ ಬಾಂಗ್ ಕೇಳಿ ಬೆಳೆದ ಹುಡುಗನಿಗೆ ಈ ಓಟ ಯಾರು ಹೇಳಿಕೊಟ್ಟಿರುತ್ತಾರೆ?

ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅದಕ್ಕೆ ಮುಂಚೆಯೇ ಶಾಲೆಗೆ ಪತ್ರ ಹಾಕಿ. ಪ್ರಾರ್ಥನಾ ಕೊಠಡಿ ಬೇಕು ಎಂದು ಬರೆಯಬೇಡಿ. ಚಳಿಗಾಲದ ತಿಂಗಳುಗಳಲ್ಲಿ ಊಟದ ಬಿಡುವಿನ ಹತ್ತು ನಿಮಿಷ ಖಾಲಿ ತರಗತಿಯ ಒಂದು ಮೂಲೆ ಸಾಕು ಎಂದು ಬರೆಯಿರಿ. ಕಾನೂನಿನ ಮಾತು ಎತ್ತಲೇಬೇಡಿ. 2010ರ ಸಮಾನತಾ ಕಾಯ್ದೆ ಇದೆ ಎಂದು ಕೆಲವರು ಎದೆ ತಟ್ಟುತ್ತಾರೆ. ಆದರೆ ಲಂಡನ್ನಿನ ಮೈಕೇಲಾ ಶಾಲೆ ಆವರಣದಲ್ಲಿ ನಮಾಜು ನಿಷೇಧಿಸಿದ್ದನ್ನು ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ಎತ್ತಿಹಿಡಿಯಿತು. ಕೇಳಿ ಪಡೆಯುವ ಜಾಗದಲ್ಲಿ ಹಕ್ಕು ಸಾಧಿಸಲು ಹೋದರೆ ಇರುವುದೂ ಹೋಗಬಹುದು. ಬಹುತೇಕ ಶಾಲೆಗಳು ಕೊಡುತ್ತವೆ.

ಇನ್ನು ವುಳೂ, ಎಂದರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವುದು. ಹುಡುಗರು ನಮಾಜು ಬಿಡುವುದಕ್ಕೆ ಕಾರಣ ಅನೇಕ ಸಲ ಇದೇ, ಆದರೆ ಬಾಯಿಬಿಟ್ಟು ಹೇಳುವುದಿಲ್ಲ. ಸೊಂಟದೆತ್ತರದ ವಾಶ್‌ಬೇಸಿನ್‌ಗೆ ಕಾಲೆತ್ತಿ ಇಟ್ಟು ತೊಳೆಯುತ್ತಿರುವಾಗ ಯಾರಾದರೂ ಬಾಗಿಲು ತಳ್ಳಿಕೊಂಡು ಒಳಗೆ ಬಂದರೆ ಮುಗಿಯಿತು, ಮೊಬೈಲ್ ಹೊರಗೆ ಬರುತ್ತದೆ. ನನ್ನ ದೊಡ್ಡವನಿಗೆ ಚರ್ಮದ ಕಾಲುಚೀಲ ತಂದುಕೊಟ್ಟೆ, ಖುಫ್. ಬೆಳಿಗ್ಗೆ ವುಳೂ ಮಾಡಿ ತೊಟ್ಟರೆ, ಪ್ರಯಾಣದಲ್ಲಿ ಇಲ್ಲದವನಿಗೆ ಒಂದು ಹಗಲು ಒಂದು ರಾತ್ರಿ ಅದರ ಮೇಲೆ ಒದ್ದೆ ಕೈ ಸವರಿದರೆ ಸಾಕು. ಪ್ಯಾಂಟಿನೊಳಗೆ ಕಾಣುವುದಿಲ್ಲ, ಬೂಟಿನೊಳಗೆ ಕೂರುತ್ತದೆ. ಅಂದಿನಿಂದ ಲುಹರ್ ತಪ್ಪಿಲ್ಲ. ಇಲ್ಲಿನ ಇಸ್ಲಾಮಿಕ್ ಅಂಗಡಿಗಳಲ್ಲಿ ಸಿಗುತ್ತದೆ. ಕಾಲಿನ ಅಳತೆಗಿಂತ ಒಂದು ಸೈಜ್ ದೊಡ್ಡ ಬೂಟು ಕೊಳ್ಳಿ.

ಭಟ್ಕಳದವರು, ಲಂಡನ್

ಇಷ್ಟೆಲ್ಲ ಕಸರತ್ತು ಯಾಕೆ? ಮುಸ್ಲಿಂ ಶಾಲೆಗೆ ಸೇರಿಸಿ. 1998ರಿಂದ ಸರ್ಕಾರದ ಅನುದಾನದಲ್ಲಿ ನಡೆಯುವವೂ ಇವೆ.

ಅದೇ ತಂದೆ, ಬರ್ಮಿಂಗ್‌ಹ್ಯಾಮ್

ಸೀಟು ಸಿಕ್ಕಿದರೆ ಒಳ್ಳೆಯದೇ ಭಾಯಿ. ಸಿಗದವರು ಏನು ಮಾಡಬೇಕು? ಕಾಲೇಜಿಗೆ ಹೋದಾಗ ಇದೇ ವಾಶ್‌ಬೇಸಿನ್ ಎದುರಾಗುವುದಿಲ್ಲವೇ?

ವಿದ್ಯಾರ್ಥಿನಿ, ಲೆಸ್ಟರ್‌ನಲ್ಲಿ ಬೆಳೆದವಳು

ಆಂಟೀ, ನಾನು ಮಕ್ಕಳ ಕಡೆಯಿಂದ ಹೇಳುತ್ತೇನೆ. ನಿಮ್ಮ ಮಗಳ ಹೊಟ್ಟೆನೋವು ಸ್ಕಾರ್ಫ್‌ನದ್ದಲ್ಲ, ಬಟ್ಟೆ ಬದಲಿಸುವ ಕೋಣೆಯದ್ದಾಗಿರಬಹುದು. ಎಲ್ಲರೆದುರು ಬಟ್ಟೆ ಬದಲಿಸಬೇಕು ಎಂಬುದೇ ನಮಗೆ ಆಘಾತ. ನನ್ನ ಅಮ್ಮ ಶಿಕ್ಷಕಿಯೊಂದಿಗೆ ಮಾತಾಡಿದ ಮೇಲೆ ಆಟವಿರುವ ದಿನ ಸಮವಸ್ತ್ರದ ಒಳಗೇ ಟ್ರ್ಯಾಕ್ ಪ್ಯಾಂಟ್ ತೊಟ್ಟು ಹೋಗುತ್ತಿದ್ದೆ. ಆಟಕ್ಕೆ ಸೂಜಿಯಿಲ್ಲದೆ ತಲೆಗೆ ಬಿಗಿಯಾಗಿ ಕೂರುವ ಹಿಜಾಬ್ ಸಿಗುತ್ತದೆ. ಶಾಲೆಯವರು ಅಪಾಯ ಎಂದರೆ ಫಿಫಾ 2014ರಲ್ಲೇ ಒಪ್ಪಿದೆ, ಬಾಸ್ಕೆಟ್‌ಬಾಲ್‌ನವರು 2017ರಲ್ಲಿ ಒಪ್ಪಿದ್ದಾರೆ ಎಂದು ಅವಳೇ ಹೇಳಲಿ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಇಬ್ತಿಹಾಜ್ ಮುಹಮ್ಮದ್ ಹಿಜಾಬ್ ತೊಟ್ಟೇ ಅಮೆರಿಕಕ್ಕೆ ಕತ್ತಿವರಸೆಯಲ್ಲಿ ಕಂಚು ತಂದವರು.

ನನ್ನನ್ನು ಹೆಚ್ಚು ದಣಿಸಿದ್ದು ಬೈಗುಳವಲ್ಲ. ಜಗತ್ತಿನ ಎಲ್ಲಿಯೋ ಏನೋ ಸ್ಫೋಟವಾದ ಮರುದಿನ ತರಗತಿ ನನ್ನ ಕಡೆ ತಿರುಗುತ್ತಿತ್ತಲ್ಲ, ಅದು. ನಾನೇನು ವಕ್ತಾರೆಯೇ? ‘ನನಗೆ ಗೊತ್ತಿಲ್ಲ, ನಾನೂ ನಿಮ್ಮ ಹಾಗೆ ಟಿವಿಯಲ್ಲಿ ನೋಡಿದೆ’ ಎನ್ನುವುದಕ್ಕೆ ಯಾರ ಅಪ್ಪಣೆಯೂ ಬೇಡ ಎಂದು ನಿಮ್ಮ ಮಗಳಿಗೆ ಈಗಲೇ ಹೇಳಿಡಿ. ಮತ್ತೆ, ಸ್ಕಾರ್ಫ್ ತೊಟ್ಟ ಹುಡುಗಿ ಚೂರು ಜೋರಾಗಿ ನಕ್ಕರೂ ಅಮ್ಮನಿಗೆ ಫೋನ್ ಮಾಡುವ ನಮ್ಮದೇ ಆಂಟಿಯರಿದ್ದಾರೆ. ಅಂಥ ಫೋನ್ ಬಂದರೆ ದಯವಿಟ್ಟು ಮಗಳ ಪಕ್ಷ ವಹಿಸಿ.

ಮಸೀದಿ ಬಗ್ಗೆ ಒಂದು ಮಾತು. ಇಲ್ಲಿ ಅನೇಕ ಮಸೀದಿಗಳಲ್ಲಿ ಬಯಾನ್ (ಪ್ರವಚನ) ಉರ್ದುವಿನಲ್ಲಿ, ಲೆಸ್ಟರ್‌ನಲ್ಲಾದರೆ ಗುಜರಾತಿಯೂ ಉಂಟು. ಮನೆಯಲ್ಲಿ ಬ್ಯಾರಿ, ಊರಲ್ಲಿ ಕನ್ನಡ ಆಡಿದ ಹುಡುಗ ಅಲ್ಲಿ ಕೂತು ತೂಕಡಿಸದೆ ಇನ್ನೇನು ಮಾಡುತ್ತಾನೆ? ನನ್ನ ತಮ್ಮ ಮಸೀದಿಗೆ ಹೋಗುವುದನ್ನೇ ಬಿಟ್ಟಿದ್ದ. ಇಂಗ್ಲಿಷ್‌ನಲ್ಲಿ ಖುತ್ಬಾ (ಉಪದೇಶ) ನಡೆಯುವ, ಶುಕ್ರವಾರದ ಜುಮಾ ಮುಗಿದ ಮೇಲೆ ಹುಡುಗರು ಫುಟ್‌ಬಾಲ್ ಆಡುವ ಮಸೀದಿ ಬಸ್ಸಿನ ದೂರದಲ್ಲಿ ಸಿಕ್ಕಿತು. ಈಗ ಅವನೇ ಅಪ್ಪನನ್ನು ಎಬ್ಬಿಸುತ್ತಾನೆ.

ಉಡುಪಿಯ ತಾಯಿ, ಫ್ರಾನ್ಸ್

ನಿಮ್ಮ ಪತ್ರ, ಮೂಲೆ, ಹತ್ತು ನಿಮಿಷ ಇವೆಲ್ಲ ಇಲ್ಲಿ ಕನಸು. ಸರ್ಕಾರಿ ಶಾಲೆಗಳಲ್ಲಿ ಎದ್ದು ಕಾಣುವ ಧಾರ್ಮಿಕ ಚಿಹ್ನೆಗಳಿಗೆ 2004ರ ಮಾರ್ಚ್ 15ರ ಕಾನೂನು ತಡೆಹಾಕಿದೆ. 2023ರಲ್ಲಿ ಸಡಿಲವಾದ ಉದ್ದ ಉಡುಪು ಅಬಾಯ ಕೂಡ ಸೇರಿತು. ಮಗಳು ಗೇಟಿನ ಬಳಿ ಸ್ಕಾರ್ಫ್ ತೆಗೆದು ಚೀಲಕ್ಕೆ ಹಾಕುತ್ತಾಳೆ, ಸಂಜೆ ಅಲ್ಲೇ ಕಟ್ಟಿಕೊಳ್ಳುತ್ತಾಳೆ. 2022ರಲ್ಲಿ ತರಗತಿಯ ಹಿಜಾಬ್ ನಿಷೇಧವನ್ನು ಎತ್ತಿಹಿಡಿದ ಕರ್ನಾಟಕ ಹೈಕೋರ್ಟ್ ತೀರ್ಪು ಬಂದದ್ದೂ ಮಾರ್ಚ್ 15ಕ್ಕೇ. ಅಂದು ಉಡುಪಿಯಿಂದ ಅಕ್ಕನ ಮಗಳು ಫೋನ್ ಮಾಡಿ, ‘ಗೇಟಿನ ಹತ್ತಿರ ತೆಗೆಯುವಾಗ ನೀನು ಎತ್ತ ನೋಡುತ್ತೀ?’ ಎಂದು ನನ್ನ ಮಗಳನ್ನು ಕೇಳಿದಳು. ಊರಿನಲ್ಲಿದ್ದರೆ ಇದೆಲ್ಲ ಇರುತ್ತಿರಲಿಲ್ಲ ಎನ್ನುವವರಿಗೆ ಇದನ್ನು ಹೇಳುತ್ತಿದ್ದೇನೆ.

ಸಾಫ್ಟ್‌ವೇರ್ ಉದ್ಯೋಗಿ, ಟೆಕ್ಸಾಸ್

ಅಮೆರಿಕದವರು ಓದುತ್ತಿದ್ದರೆ: 1984ರ ಸಮಾನ ಪ್ರವೇಶ ಕಾಯ್ದೆಯಂತೆ, ಸರ್ಕಾರಿ ಹೈಸ್ಕೂಲು ಬೇರೆ ಯಾವುದೇ ಪಠ್ಯೇತರ ವಿದ್ಯಾರ್ಥಿ ಕೂಟಕ್ಕೆ ಜಾಗ ಕೊಟ್ಟಿದ್ದರೆ ಮುಸ್ಲಿಂ ವಿದ್ಯಾರ್ಥಿಗಳ ಕೂಟಕ್ಕೂ ಕೊಡಬೇಕು. ಆದರೆ ಕೇಳಬೇಕಾದವರು ಮಕ್ಕಳು. ಅಪ್ಪಂದಿರು ಹೋಗಿ ಕೇಳಿದರೆ ಲೆಕ್ಕಕ್ಕಿಲ್ಲ. ನನ್ನ ಮಗ ಮೂರು ಮಂದಿಯನ್ನು ಕೂಡಿಸಿಕೊಂಡು ಆರಂಭಿಸಿದ, ಪಿಜ್ಜಾ ತರಿಸುತ್ತಾರೆಂದು ಗೊತ್ತಾದ ಮೇಲೆ ಮುಸ್ಲಿಮರಲ್ಲದವರೂ ಬಂದರು. ಪೆಪ್ಪರೋನಿ (ಸಾಮಾನ್ಯವಾಗಿ ಹಂದಿಮಾಂಸ ಸೇರಿದ ಸಾಸೇಜ್) ಬೇಡ ಎಂಬುದೊಂದೇ ನಿಯಮ. ಮಾರ್ಷ್‌ಮ್ಯಾಲೋ ಮಿಠಾಯಿಯಲ್ಲಿ ಹಂದಿಯ ಜೆಲಾಟಿನ್ ಇರಬಹುದು, ಪೊಟ್ಟಣ ಓದುವ ಅಭ್ಯಾಸ ಮಾಡಿಸಿ.

ಮೈಸೂರಿನ ವಿಜ್ಞಾನ ಶಿಕ್ಷಕಿ, ಬ್ರಾಡ್‌ಫರ್ಡ್

ನಾನು ಮುಸ್ಲಿಂ ಅಲ್ಲ, ನನ್ನ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮುಸ್ಲಿಂ ಮಕ್ಕಳು. ರಂಜಾನ್ ಬಗ್ಗೆ ಹೆದರಬೇಡಿ. ಕಷ್ಟದ ಕಾಲ ಎಂದರೆ 2018: ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ ಉಪವಾಸ, ನಡುವೆ ಜಿಸಿಎಸ್‌ಇ (ಹದಿನಾರರ ವಯಸ್ಸಿನ ಮುಖ್ಯ ಪರೀಕ್ಷೆ), ದಿನಕ್ಕೆ ಹದಿನೆಂಟು ಗಂಟೆ ನೀರಿಲ್ಲ. ಆ ವರ್ಷಗಳಲ್ಲಿ ಶಾಲಾ ಮುಖ್ಯಸ್ಥರ ಸಂಘ ಮುಸ್ಲಿಂ ವಿದ್ವಾಂಸರ ಸಲಹೆ ಪಡೆದು ಮಾರ್ಗದರ್ಶಿಯನ್ನೇ ಹೊರಡಿಸಬೇಕಾಯಿತು. ರಂಜಾನ್ ತಿಂಗಳು ವರ್ಷಕ್ಕೆ ಸುಮಾರು ಹನ್ನೊಂದು ದಿನದಂತೆ ಹಿಂದೆ ಸರಿಯುತ್ತಿರುವುದರಿಂದ 2028ರಲ್ಲಿ ಜನವರಿ ಕೊನೆಗೆ ಬರುತ್ತದೆ. ಆಗ ಹಗಲು ಚಿಕ್ಕದು, ಮುಖ್ಯ ಪರೀಕ್ಷೆ ಇನ್ನೂ ದೂರ. ಪೂರ್ವಸಿದ್ಧತಾ ಪರೀಕ್ಷೆ ಮಾತ್ರ ಅದೇ ಹೊತ್ತಿಗೆ ಬೀಳಬಹುದು, ವೇಳಾಪಟ್ಟಿ ನೋಡಿಟ್ಟುಕೊಳ್ಳಿ. ಉಪವಾಸ ಶುರುವಾಗುವ ಮುಂಚೆಯೇ ನಮಗೊಂದು ಚೀಟಿ ಕಳಿಸಿ. ಮಗು ತಲೆ ಮೇಜಿಗೆ ಹಚ್ಚಿ ಮಲಗಿದಾಗ ಕಾರಣ ಗೊತ್ತಿಲ್ಲದ ಶಿಕ್ಷಕರು ಸೋಮಾರಿತನ ಎಂದು ಬರೆದುಬಿಡುತ್ತಾರೆ. ಊಟದ ಹೊತ್ತಿನಲ್ಲಿ ಗ್ರಂಥಾಲಯದಲ್ಲಿ ಕೂರಲು ಕೇಳಿದರೆ ಬೇಡ ಎನ್ನುವವರನ್ನು ನಾನಂತೂ ಕಂಡಿಲ್ಲ.

ಮಂಗಳೂರಿನವರು, ಟೊರೊಂಟೊ

ಪಾರ್ಟಿ ವಿಷಯ ಯಾರೂ ಮುಟ್ಟಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ‘ಹೋಗಬೇಡ’ ಒಂದನ್ನೇ ಕೇಳಿದ ಹುಡುಗ ಎರಡನೇ ಸಲ ಕೇಳದೆಯೇ ಹೋಗುತ್ತಾನೆ. ನಮ್ಮ ಮನೆಯ ಒಪ್ಪಂದ ಇದು: ಹುಟ್ಟುಹಬ್ಬ, ಆಟ, ಸಿನಿಮಾ ಪರವಾಗಿಲ್ಲ, ಬಾಟಲಿ ತೆರೆದರೆ ನನಗೊಂದು ಸಂದೇಶ, ಏನೂ ಬರೆಯಬೇಕಿಲ್ಲ, ಚುಕ್ಕಿ ಸಾಕು. ನಾನು ಕೂಡಲೇ ಫೋನ್ ಮಾಡಿ ಮನೆಗೆ ಬಾ ಎಂದು ಜೋರಾಗಿ ಬೈಯುತ್ತೇನೆ, ಗೆಳೆಯರಿಗೆ ಕೇಳುವ ಹಾಗೆ. ಅವನ ಮರ್ಯಾದೆ ಉಳಿಯುತ್ತದೆ, ಕೆಟ್ಟವನಾಗುವುದು ನಾನು. ಕಾರಿನಲ್ಲಿ ಪ್ರಶ್ನೆ ಕೇಳುವುದಿಲ್ಲ. ತಿಂಗಳಿಗೊಮ್ಮೆ ಆ ಗೆಳೆಯರೆಲ್ಲ ನಮ್ಮ ಮನೆಗೆ ಬರುತ್ತಾರೆ. ಕೋಳಿ ಸುಕ್ಕ ಮತ್ತು ನೀರುದೋಸೆ ಮಾಡಿದರೆ ಪಾತ್ರೆಯಲ್ಲಿ ಏನೂ ಉಳಿಯುವುದಿಲ್ಲ. ಖಾರ ಕಡಿಮೆ ಹಾಕಿ, ಅಷ್ಟೇ.