ಪೋಲಿಷ್ ವಲಸಿಗರ ರಾಷ್ಟ್ರಭಾವ: ಸಿಂಧನೂರು ಕ್ಯಾಂಪ್‌ಗಳ ಜೊತೆ ಹೋಲಿಸೋದು ಹೆಂಗ?

ರಾಯಚೂರು ಎಂಎ:
ಹೊರದೇಶದ ಪೋಲರು, ಅಂದ್ರ ‘ಪೊಲೋನಿಯಾ’, ನನ್ನ ಕಿರುಪ್ರಬಂಧದ ವಿಷಯ. ಹೋಲಿಕೆಗೆ ಸಿಂಧನೂರಿನ ಆರ್‌ಎಚ್ ಕ್ಯಾಂಪ್‌ಗಳ, ಅಂದ್ರ ಪುನರ್ವಸತಿ ಕ್ಯಾಂಪ್‌ಗಳ, ಬಂಗಾಳಿ ನಿರಾಶ್ರಿತರು. 1795ರಿಂದ 1918ರತನಕ ಪೋಲೆಂಡ್ ನಕ್ಷೆಯಲ್ಲೇ ಇರಲಿಲ್ಲ. ಆಗ ಊರು ಬಿಟ್ಟವರು ಯಾವ ಆಧಾರದ ಮ್ಯಾಲೆ ಪೋಲರಾಗಿ ಉಳಿದ್ರು? ಪೋಲರು ಭಾಳ ನೆಲೆಸಿದ ಅಮೆರಿಕದ ಶಿಕಾಗೋ ತಗೊಳ್ಳಲೋ, ಎರಡನೇ ಮಹಾಯುದ್ಧದಾಗ ಪೋಲಿಷ್ ನಿರಾಶ್ರಿತರಿದ್ದ ಕೊಲ್ಹಾಪುರದ ವಳಿವಡೆ ಶಿಬಿರ ತಗೊಳ್ಳಲೋ?

ಗಂಗಾವತಿ ಮೇಷ್ಟ್ರು:
ಹತ್ತಿರದ್ದು ಅಂತ ವಳಿವಡೆ ಹಿಡೀಬ್ಯಾಡ್ರಿ. 1943ರಿಂದ 1948ರತನಕ ಸುಮಾರು 5,000 ಪೋಲರು ಅಲ್ಲಿದ್ರು. ಶಾಲೆ, ಚರ್ಚು, ಸ್ಕೌಟ್ ಎಲ್ಲಾ ಇತ್ತು, ಆದ್ರ ಯುದ್ಧ ಮುಗಿದ ಮ್ಯಾಲೆ ಹೊರಡೋರೇ ಅವರು. ಸಿಂಧನೂರಿನವರು ಜಮೀನು ಸಿಕ್ಕು, ಭತ್ತ ಬೆಳೆದು ನೆಲೆ ನಿಂತವರು. ಇದಕ್ಕ ಸರಿಜೋಡಿ ಬ್ರೆಜಿಲ್‌ನ ಪರಾನಾ ರಾಜ್ಯ. 1870ರ ದಶಕದಿಂದ ಪೋಲಿಷ್ ರೈತ ಕುಟುಂಬಗಳು ಕುರಿಟಿಬಾ ಸುತ್ತ ಜಮೀನು ಹಿಡಿದು ಒತ್ತಟ್ಟಿಗೆ ಕಾಲೊನಿ ಕಟ್ಟಿಕೊಂಡ್ರು. 1938ರಲ್ಲಿ ಬ್ರೆಜಿಲ್ ಅಧ್ಯಕ್ಷ ವರ್ಗಾಸ್ ಸರ್ಕಾರ ಪರಭಾಷಾ ಶಾಲೆಗಳನ್ನ ಮುಚ್ಚಿಸಿತು. ಭಾಷೆ ಮನಿಗೆ, ಚರ್ಚಿಗೆ ಸರಿಯಿತು. ನಿಮ್ಮ ಪ್ರಬಂಧದ ತಿರುಳು ಅಲ್ಲೇ ಐತಿ: ಶಾಲೆ ಹೋದ ಮ್ಯಾಲೆ ಏನು ಉಳೀತು, ಏನು ಅಳೀತು?

ಬಳ್ಳಾರಿ ಓದುಗ:
ಮೇಷ್ಟ್ರ ಮಾತು ಒಪ್ಪೀನಿ, ಆದ್ರ ಶಿಕಾಗೋ ಪೂರ್ತಿ ಬಿಡಬ್ಯಾಡ್ರಿ. ‘ಪೋಲ್ ಅಂದ್ರ ಯಾರು’ ಅನ್ನೋ ಜಗಳ ಬಯಲಿಗೆ ಬಂದದ್ದು ಅಮೆರಿಕದಾಗ. 1873ರಲ್ಲಿ ಹುಟ್ಟಿದ ಪೋಲಿಷ್ ರೋಮನ್ ಕ್ಯಾಥೊಲಿಕ್ ಯೂನಿಯನ್‌ಗೆ ಧರ್ಮ ಮೊದಲು. 1880ರ ಪೋಲಿಷ್ ನ್ಯಾಷನಲ್ ಅಲೈಯನ್ಸ್‌ಗೆ ಪೋಲೆಂಡ್ ಬಿಡುಗಡೆ ಮೊದಲು, ಅದು ಬೇರೆ ಧರ್ಮದವರನ್ನೂ ಸೇರಿಸಿಕೊಂಡಿತು. ಎರಡೂ ವಿಮಾ ಸಂಘಗಳು: ಸದಸ್ಯ ವಂತಿಗೆ ಕಟ್ಟಬೇಕು, ಸತ್ತರೆ ಮನಿಯವರ ಕೈಗೆ ಹಣ. ದೇಶಾಭಿಮಾನ ಬಾಳಿದ್ದು ಭಾಷಣದಿಂದಲ್ಲ, ಈ ವಂತಿಗೆ ಪುಸ್ತಕದಿಂದ ಅಂತ ನನ್ನ ಖಾತ್ರಿ. ಮನಿಯೊಳಗಿನ ಆಚಾರನೂ ಬರೀರಿ. ಕ್ರಿಸ್‌ಮಸ್ ಹಿಂದಿನ ರಾತ್ರಿ ‘ಒಪ್ವಾತೆಕ್’ ಅನ್ನೋ ಹುದುಗಿಲ್ಲದ ತೆಳುಹಾಳೆಯಂಥ ರೊಟ್ಟಿ ಮುರಿದು ಒಬ್ಬರಿಗೊಬ್ಬರು ಹಂಚಿ ಹಾರೈಸ್ತಾರ. ದೂರದ ನೆಂಟರಿಗೆ ಅದನ್ನ ಲಕೋಟೆಯಲ್ಲಿಟ್ಟು ಅಂಚೆಗೆ ಹಾಕ್ತಾರ.

ರಾಯಚೂರು ಎಂಎ:
ಭಾಳ ಉಪಕಾರ ಆತ್ರಿ ಸರ್. ಈಗಿನ ಪೋಲೆಂಡ್ ಸರ್ಕಾರ ಹೊರದೇಶದ ಪೋಲರನ್ನ ಹೆಂಗ ಗುರುತಿಸ್ತದ?

ಗಂಗಾವತಿ ಮೇಷ್ಟ್ರು:
‘ಕಾರ್ತಾ ಪೊಲಾಕಾ’, ಅಂದ್ರ ಪೋಲರ ಕಾರ್ಡ್. 2007ರ ಕಾನೂನು, 2008ರಲ್ಲಿ ಜಾರಿ. ಮೊದಲು ಹಳೇ ಸೋವಿಯತ್ ದೇಶಗಳವರಿಗೆ ಮಾತ್ರ ಇತ್ತು, 2019ರಲ್ಲಿ ಎಲ್ಲಾ ದೇಶಗಳಿಗೂ ವಿಸ್ತರಿಸಿದ್ರು. ತಂದೆ-ತಾಯಿ, ಅಜ್ಜ-ಅಜ್ಜಿಯರಲ್ಲಿ ಒಬ್ಬರು, ಇಲ್ಲಾ ಮುತ್ತಜ್ಜ-ಮುತ್ತಜ್ಜಿಯರಲ್ಲಿ ಇಬ್ಬರು ಪೋಲರಾಗಿದ್ದಕ್ಕೆ ದಾಖಲೆ ಬೇಕು. ಅದಿಲ್ಲಂದ್ರ, ಪೋಲಿಷ್ ಸಂಘದಾಗ ಕಡೇ 3 ವರ್ಷ ದುಡಿದದ್ದಕ್ಕೆ ಸಂಘದ ಪತ್ರ. ಭಾಷೆ, ಸಂಪ್ರದಾಯ ಅಲ್ಪಸ್ವಲ್ಪ ಬರಬೇಕು. ತಾನು ಪೋಲ್ ಜನಾಂಗದವನು ಅಂತ ಅಧಿಕಾರಿ ಮುಂದ ಬರೆದುಕೊಡಬೇಕು. ಇದು ಪೌರತ್ವ ಅಲ್ಲ. ಇವೆರಡನ್ನ ಬೆರೆಸಿದ್ರ ಪ್ರಬಂಧ ಅಲ್ಲೇ ಕೆಡ್ತದ.

ಬಳ್ಳಾರಿ ಓದುಗ:
ಅದಕ್ಕೇ ಕ್ಯಾಂಪಿಗೆ ಹೋದಾಗ ‘ನೀವು ಯಾರು’ ಅಂತ ಒಂದೇ ಪ್ರಶ್ನೆ ಕೇಳಬ್ಯಾಡ್ರಿ, ‘ಭಾರತೀಯರು’ ಅಂದು ಮುಗಿಸ್ತಾರ. ಮನಿಮಾತು ಯಾವುದು, ಮಕ್ಕಳಿಗೆ ಬಂಗಾಳಿ ಓದು-ಬರಹ ಬರ್ತದೋ, ದುರ್ಗಾಪೂಜೆ ವಂತಿಗೆ ಯಾರು ಎತ್ತುತ್ತಾರ, ಹೆಣ್ಣು-ಗಂಡು ಎಲ್ಲಿಂದ ತರ್ತಾರ, ಇವನ್ನ ಬ್ಯಾರೆ ಬ್ಯಾರೆ ಕೇಳ್ರಿ. ತಲೆಮಾರಿನ ಪ್ರಕಾರ ಮೂರು ಪಟ್ಟಿ ಮಾಡ್ರಿ. ಅಜ್ಜನ ಉತ್ತರಾನ ಮೊಮ್ಮಗನ ಹೆಸರಿಗೆ ಬರಕೋಬ್ಯಾಡ್ರಿ.